ಕಂಬದ ಬುಡದಿಂದ ಶುರು: ಜಪಾನಿನ ಹಳೆಯ ಕಟ್ಟಡಗಳನ್ನು ನಾನು ಸ್ಕೆಚ್ ಮಾಡಿದ ಬಗೆ

ಜಪಾನಿನ ಹಳೆಯ ಮರದ ಕಟ್ಟಡದ ಮುಂದೆ ಕೂತರೆ ಕೈ ಮೊದಲು ಚಾವಣಿಯನ್ನೇ ಬಿಡಿಸಲು ಹೊರಡುತ್ತದೆ. ಅಷ್ಟು ದೊಡ್ಡದು, ಅಷ್ಟು ಚೆಂದ. ನಾನು ಬೇಕೆಂದೇ ಕೆಳಗಿನಿಂದ ಶುರು ಮಾಡಿದೆ. ಕಂಬ ನೆಲ ಮುಟ್ಟುವ ಜಾಗ ಮೊದಲು, ಆಮೇಲೆ ತೊಲೆ, ಕೊನೆಗೆ ಚಾವಣಿ. ಕಟ್ಟಡ ಎಲ್ಲಿಂದ ಬಂತು ಅನ್ನುವುದು ಆ ಬುಡದಲ್ಲೇ ಜಾಸ್ತಿ ತಿಳಿಯುತ್ತದೆ.

ಸಾಮಾನು ಹೆಚ್ಚು ಬೇಡ. ಚಿಕ್ಕ ಪುಸ್ತಕ, 2ಬಿ ಪೆನ್ಸಿಲ್, ಒಂದು ಕಪ್ಪು ಪೆನ್ ಸಾಕು. ಟೇಪ್ ಹಿಡಿಯಲು ಆಗದ ಮನೆಯಲ್ಲಿ ತತಾಮಿ ಚಾಪೆಗಳನ್ನು ಎಣಿಸುತ್ತೇನೆ. ಒಂದು ಚಾಪೆ ಸುಮಾರು 1.8 ಮೀಟರ್ ಉದ್ದ, ಅದರ ಅರ್ಧದಷ್ಟು ಅಗಲ. ಕ್ಯೋಟೋ ಕಡೆ ಸ್ವಲ್ಪ ದೊಡ್ಡದು. ಹೀಗೆ ಪ್ಲಾನ್ ಬೇಗ ಸಿಗುತ್ತದೆ. ಆಮೇಲೆ ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಗೆ ಸೀಳಿದರೆ ಒಳಗೆ ಕಾಣುವ ಚಿತ್ರ. ಎದುರಿನ ನೋಟಕ್ಕೆ ಫೋಟೋ ಇದೆ, ಸೆಕ್ಷನ್‌ಗೆ ಇಲ್ಲ ಅಲ್ವಾ?

ಮೊದಲು ಹೋಗಬೇಕಾದ ಜಾಗ ಶಿಜುಓಕಾದ ಟೋರೋ. 1943ರಲ್ಲಿ, ಯುದ್ಧದ ನಡುವೆ, ಕಾರ್ಖಾನೆಗಾಗಿ ನೆಲ ಅಗೆಯುವಾಗ ಸಿಕ್ಕ ಊರು ಇದು. ಯಾಯೋಯಿ ಕಾಲದ, ಅಂದರೆ ಸುಮಾರು ಎರಡು ಸಾವಿರ ವರ್ಷ ಹಿಂದಿನ, ಭತ್ತ ಬೆಳೆಯುವವರು ಇಲ್ಲಿದ್ದರು. ವಾಸದ ಮನೆಯ ಹುಲ್ಲಿನ ಚಾವಣಿ ನೆಲದವರೆಗೂ ಇಳಿದಿದೆ. ಎತ್ತರದಲ್ಲಿ, ಕಂಬಗಳ ಮೇಲೆ ನಿಂತಿರುವುದು ಕಣಜ ಮಾತ್ರ. ಇಲಿ ಹತ್ತದಂತೆ ಕಂಬದ ತಲೆಗೆ ಅಗಲವಾದ ಹಲಗೆ ಸಿಕ್ಕಿಸಿದ್ದಾರೆ. ಏಣಿ ಅಂದರೆ ಮೆಟ್ಟಿಲು ಕೊರೆದ ಒಂದೇ ದಿಮ್ಮಿ. ಈಗ ಅಲ್ಲಿರುವುದು ಮತ್ತೆ ಕಟ್ಟಿದ ಕಟ್ಟಡಗಳು. ಅದಕ್ಕೆ ಒಂದು ನಿಯಮ ಮಾಡಿಕೊಂಡೆ: ಅಗೆತದಲ್ಲಿ ನಿಜವಾಗಿ ಸಿಕ್ಕ ಭಾಗಕ್ಕೆ ಪೆನ್, ಊಹಿಸಿ ಕಟ್ಟಿದ್ದಕ್ಕೆ ಪೆನ್ಸಿಲ್. ಈ ಒಂದು ಅಭ್ಯಾಸದಿಂದ ಪುಸ್ತಕವಿಡೀ ಪ್ರಾಮಾಣಿಕವಾಗುತ್ತದೆ.

ಟೋರೋ ನೋಡಿದ ಕಣ್ಣಲ್ಲಿ ಶಿಂಟೋ ಧರ್ಮದ ದೊಡ್ಡ ಕ್ಷೇತ್ರವಾದ ಇಸೆಗೆ ಹೋಗಬೇಕು. ಮುಖ್ಯ ಗುಡಿ ಸಾಲು ಬೇಲಿಗಳ ಹಿಂದಿದೆ, ಹೊರಗಿನಿಂದ ಚಾವಣಿಯ ತುದಿಯಷ್ಟೇ ಕಾಣುತ್ತದೆ. ಆದರೆ ಹತ್ತಿರದಲ್ಲೇ ಭತ್ತ ಇಡುವ ಪುಟ್ಟ ಕಣಜವಿದೆ, ಮಿಶಿನೆ-ನೋ-ಮಿಕುರಾ. ಅದೂ ಅದೇ ಶೈಲಿಯದು, ಮತ್ತು ಹತ್ತಿರದಿಂದ ನೋಡಬಹುದು. ದುಂಡನೆಯ ಹಿನೋಕಿ ಮರದ ಕಂಬಗಳು ನೇರವಾಗಿ ನೆಲದೊಳಗೆ ಇಳಿದಿವೆ. ಕೆಳಗೆ ಕಲ್ಲಿಲ್ಲ. ಗೋಡೆಯಿಂದ ಆಚೆ, ಎರಡೂ ತುದಿಯಲ್ಲಿ ಒಂದೊಂದು ಕಂಬ ಒಂಟಿಯಾಗಿ ನಿಂತು ಚಾವಣಿಯ ನೆತ್ತಿಯ ತೊಲೆಯನ್ನು ಹೊತ್ತಿದೆ. ಭತ್ತ ಕಾಯುತ್ತಿದ್ದ ಕಟ್ಟಡದ ರೂಪವೇ ಇಲ್ಲಿ ದೇವರ ಮನೆಯಾಗಿದೆ. ಅನ್ನದ ಬೆಲೆ ತಿಳಿದ ಜನ ಹೀಗೆ ಯೋಚಿಸಿದ್ದು ನನಗೆ ತುಂಬಾ ಸಹಜ ಅನ್ನಿಸಿತು.

ನೆಲದಲ್ಲಿ ಹೂತ ಮರ ಕೊಳೆಯುತ್ತದೆ, ಹುಲ್ಲೂ ಹಾಳಾಗುತ್ತದೆ. ಇಸೆಯಲ್ಲಿ 20 ವರ್ಷಕ್ಕೊಮ್ಮೆ ಪಕ್ಕದ ಖಾಲಿ ಜಾಗದಲ್ಲಿ ಗುಡಿಯನ್ನು ಹೊಸದಾಗಿ ಕಟ್ಟುತ್ತಾರೆ. ಹೋದ ಸಲ 2013ರಲ್ಲಿ, ಮುಂದಿನದು 2033ಕ್ಕೆ. ಇದಕ್ಕೆ ಕೊಳೆಯುವುದೊಂದೇ ಕಾರಣ ಅಲ್ಲ, ಪೂಜೆಯ ಕಟ್ಟಳೆಯೂ ಇದೆ. ಹಳೆಯ ಬಡಗಿಯ ಕೈಕೆಲಸ ಎಳೆಯ ಬಡಗಿಗೆ ದಾಟುವುದೂ ಇದರಿಂದಲೇ. ಮುಖ್ಯ ಗುಡಿಯಿಂದ ಬಿಚ್ಚಿದ ಆ ಒಂಟಿ ಕಂಬಗಳು ಗುಡಿಗೆ ಹೋಗುವ ದಾರಿಯ ಉಜಿ ಸೇತುವೆಯ ಎರಡು ತುದಿಯಲ್ಲಿ ‘ತೋರಿ’ ಎಂಬ ಬಾಗಿಲ ಕಮಾನುಗಳಾಗುತ್ತವೆ. ಬೇಲಿಯೊಳಗೆ ಕಾಣದ ಮರವನ್ನು ಸೇತುವೆ ಹತ್ತಿರ ಆರಾಮವಾಗಿ ನಿಂತು ಬಿಡಿಸಬಹುದು. ಬಹಳ ಜನ ಅಲ್ಲಿ ಸುಮ್ನೆ ಫೋಟೋ ತೆಗೆದು ದಾಟಿಬಿಡುತ್ತಾರೆ.

ನಾರಾದ ಬೌದ್ಧ ದೇವಾಲಯ ಹೋರ್ಯೂಜಿಯಲ್ಲಿ ಕಂಬಗಳು ಕಲ್ಲಿನ ಮೇಲೆ ನಿಂತಿವೆ. ಚೀನಾ, ಕೊರಿಯಾ ದಾಟಿ ಬೌದ್ಧ ಧರ್ಮದ ಜೊತೆ ಬಂದ ವಿದ್ಯೆ ಇದು. ಕಲ್ಲಿನ ಮೇಲೆ ನಿಂತ ಮರ ಬೇಗ ಕೊಳೆಯುವುದಿಲ್ಲ. ಇವು ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಮರದ ಕಟ್ಟಡಗಳು. ಆದರೆ ಐದಂತಸ್ತಿನ ಗೋಪುರದ ನಡುಗಂಬವನ್ನು ಮಾತ್ರ ಹಳೆಯ ರೀತಿಯಲ್ಲೇ ನೆಲದೊಳಗೆ ಹೂತಿದ್ದರು. ಅದರ ಬುಡ ಕೊಳೆತುಹೋಯಿತು. ಆ ಮರ ಕಡಿದದ್ದು 594ರಲ್ಲಿ ಎಂದು ಮರದ ಉಂಗುರಗಳ ಲೆಕ್ಕ ಹೇಳುತ್ತದೆ. ಮೊದಲ ದೇವಾಲಯ ಸುಟ್ಟದ್ದು 670ರಲ್ಲಿ. ಈಗಿನ ಗೋಪುರ ಅದಕ್ಕಿಂತ ಈಚಿನದು, ಕಂಬ ಮಾತ್ರ ಹಿಂದಿನದು.

ಇಲ್ಲಿ ಒಂದು ಸಲ ತಲೆ ಎತ್ತಲೇಬೇಕು. ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಕಲ್ಲಿನ ಫಲಕಗಳಲ್ಲಿ ಸ್ತೂಪದ ಚಿತ್ರಗಳಿವೆ: ದೊಡ್ಡ ಗುಮ್ಮಟ, ಮೇಲೆ ಛತ್ರಿಗಳು. ಹೋರ್ಯೂಜಿಯ ಗೋಪುರದ ತುದಿಯಲ್ಲೂ ಅವೇ ಇವೆ. ಗುಮ್ಮಟ ಕುಗ್ಗಿ ಕವುಚಿಟ್ಟ ಲೋಹದ ಬೋಗುಣಿಯಾಗಿದೆ, ಛತ್ರಿಗಳು ಒಂಬತ್ತು ಬಳೆಗಳಾಗಿವೆ. ಅಂದರೆ ಇಡೀ ಸ್ತೂಪ ಐದನೇ ಚಾವಣಿಯ ಮೇಲೆ ಕೂತಿದೆ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬಿಡಿಸಿದೆ. ಇಡೀ ಪುಸ್ತಕದಲ್ಲಿ ನನಗೆ ಅತಿ ಪ್ರೀತಿಯ ಹಾಳೆ ಅದು.

ಚಿತ್ರದ ಪಕ್ಕ ಮಾತು ಬರೆಯುವ ಅಭ್ಯಾಸ ಬಂದದ್ದು ಜರ್ಮನಿಯ ಆರ್ಕಿಟೆಕ್ಟ್ ಬ್ರೂನೊ ಟೌಟ್ ಅವರಿಂದ. 1933ರಲ್ಲಿ ಜಪಾನಿಗೆ ಬಂದ ಅವರು ಮರುದಿನವೇ ಕ್ಯೋಟೋದ ಕಾತ್ಸುರಾ ಅರಮನೆ ನೋಡಿದರು. ಮರುವರ್ಷ ಮತ್ತೆ ನೋಡಿ ಕುಂಚದಲ್ಲಿ ಚಿತ್ರ, ಪಕ್ಕದಲ್ಲಿ ಮಾತು ಸೇರಿಸಿ ಒಂದು ಆಲ್ಬಮ್ ಮಾಡಿದರು. ಕಾತ್ಸುರಾವನ್ನು ಮೆಚ್ಚಿ, ಬಣ್ಣ ತುಂಬಿದ ನಿಕ್ಕೋದ ಗುಡಿಗಳನ್ನು ಅವರು ತಳ್ಳಿಹಾಕಿದ್ದನ್ನು ನಾನು ಒಪ್ಪುವುದಿಲ್ಲ. ಒಂದು ಕೈಕೆಲಸವನ್ನು ಎತ್ತಲು ಇನ್ನೊಂದನ್ನು ಇಳಿಸಬೇಕಿಲ್ಲ.

ಟೌಟ್ 1935ರಲ್ಲಿ ಹೋಗಿದ್ದ ಶಿರಕಾವಾ-ಗೋ ಕಣಿವೆಯ ಹುಲ್ಲಿನ ಚಾವಣಿಯ ಮನೆಗಳಲ್ಲಿ ಸೆಕ್ಷನ್‌ಗೆ ಹೆಚ್ಚು ಹೊತ್ತು ಇಡಿ. ಹಿಮ ಜಾರಲೆಂದು ಚಾವಣಿ ಸುಮಾರು 60 ಡಿಗ್ರಿ ಕಡಿದಾಗಿದೆ. ಕೆಳಗಿನ ಚೌಕಟ್ಟು ನುರಿತ ಬಡಗಿಗಳದ್ದು, ಮೇಲಿನ ಚಾವಣಿ ಊರಿನವರದ್ದು. ಅದಕ್ಕೆ ಮೊಳೆಯಿಲ್ಲ, ಹಗ್ಗ ಮತ್ತು ಬಳುಕುವ ಕಡ್ಡಿಗಳ ಕಟ್ಟು ಮಾತ್ರ. ಚಾವಣಿಯ ದೊಡ್ಡ ಮರಗಳ ಬುಡವನ್ನು ಪೆನ್ಸಿಲ್ ತುದಿಯ ಹಾಗೆ ಚೂಪು ಮಾಡಿ ತೊಲೆಯ ಗುಳಿಯಲ್ಲಿ ಕೂರಿಸಿದ್ದಾರೆ. ಗಾಳಿ ಬಂದಾಗ ಅಲ್ಲಿ ಸ್ವಲ್ಪ ಅಲುಗಾಡಲು ಎಡೆಯಿದೆ. ರೇಷ್ಮೆ ಹುಳು ಸಾಕುತ್ತಿದ್ದ ಅಟ್ಟಕ್ಕೆ ಹತ್ತಿದರೆ ಈ ಕಟ್ಟುಗಳೆಲ್ಲ ಕೈಗೆಟಕುವಷ್ಟು ಹತ್ತಿರ ಕಾಣುತ್ತವೆ. ಅಲ್ಲಿ ಬೆಳಕು ಕಮ್ಮಿ, ಹಾಗಾಗಿ ಬೆಳಿಗ್ಗೆ ಬೇಗ ಹೋಗಿ, ಗೋಡೆಯ ಕಿಟಕಿ ಪಕ್ಕ ಜಾಗ ಹಿಡಿಯಿರಿ.