ನಡದ ಬೆಲ್ಟನ್ನು ಕೂರಿಸಿ ನೋಡಬೇಕು

ರಾಯಚೂರಿನಲ್ಲಿ ನಡನೋವಿನವರಿಗೆ ಅಳತೆ ತೆಗೆದು ಬೆಲ್ಟ್ ತೊಡಿಸುವುದು ನನ್ನ ಕೆಲಸ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರ ಕೈಚೀಲದಲ್ಲಿ ಅದಾಗಲೇ ಒಂದು ಬೆಲ್ಟ್ ಇರುತ್ತದೆ. ಔಷಧಿ ಅಂಗಡಿಯಲ್ಲಿ ಪ್ಯಾಂಟಿನ ಅಳತೆ ಹೇಳಿ, ನಿಂತಲ್ಲೇ ಸುತ್ತಿಕೊಂಡು, ಬಿಗಿಯಾಗಿದೆ ಎಂದು ಒಪ್ಪಿ ತಂದದ್ದು. ನಿಂತಾಗ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಮಾನ್ವಿ, ಸಿಂಧನೂರು, ದೇವದುರ್ಗದ ಕಡೆ ನೆಟ್ಟಗೆ ನಿಂತು ಮಾಡುವ ದುಡಿಮೆ ಎಷ್ಟಿದೆ? ಭತ್ತದ ನಾಟಿ, ಕಳೆ ತೆಗೆಯುವುದು, ಚೀಲ ಎತ್ತುವುದು, ಒಲೆಯ ಮುಂದಿನ ಅಡುಗೆ, ಎಲ್ಲವೂ ಬಗ್ಗಿ ಇಲ್ಲವೇ ಕುಕ್ಕರಗಾಲಿನಲ್ಲಿ ಕೂತು ಮಾಡುವಂಥವು. ಆದ್ದರಿಂದ ಬೆಲ್ಟ್ ಹೊಂದಿತೋ ಇಲ್ಲವೋ ಎಂಬುದನ್ನು ನಾನು ತೀರ್ಮಾನಿಸುವುದು ಕಟ್ಟಿದವರು ಕೂತ ಮೇಲೆ.

ಅಳತೆಗೆ ಮುಂಚೆ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಮೂತ್ರ, ಮಲದ ಹಿಡಿತ ತಪ್ಪಿದ್ದರೆ, ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಿದ್ದರೆ, ಪಾದ ಎತ್ತಲು ಬಾರದಿದ್ದರೆ ಬೆಲ್ಟಿನ ಮಾತೇ ಇಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಕಳಿಸುತ್ತೇನೆ. ಸಂಜೆಯ ಜ್ವರ, ತೂಕ ಇಳಿಕೆ, ಮಲಗಿದರೂ ಬಿಡದ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದೇ ಎಂದು ವೈದ್ಯರು ನೋಡಬೇಕು. ನಮ್ಮ ಜಿಲ್ಲೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಇಲ್ಲಿಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿಗೆ ಭಾರತೀಯ ಮಾನಕವು ಒಪ್ಪುವ ಗರಿಷ್ಠ ಮಟ್ಟ ಲೀಟರಿಗೆ 1.5 ಮಿಲಿಗ್ರಾಂ. ವರ್ಷಗಟ್ಟಲೆ ಹೆಚ್ಚಿನ ಫ್ಲೋರೈಡ್ ದೇಹ ಸೇರಿದರೆ ಬೆನ್ನುಮೂಳೆಯ ಸುತ್ತ ಮೂಳೆಗಳನ್ನು ಕಟ್ಟಿಹಿಡಿಯುವ ಅಸ್ಥಿರಜ್ಜುಗಳೇ ಸುಣ್ಣಗಟ್ಟಿ ಬೆನ್ನು ಸೆಡೆತುಬಿಡುತ್ತದೆ. ಬೆಲ್ಟಿನ ಒಂದು ಕೆಲಸ ಚಲನೆಯನ್ನು ತಡೆಯುವುದು. ಚಲನೆಯೇ ಉಳಿಯದ ಬೆನ್ನಿಗೆ ಅದನ್ನು ಕಟ್ಟಿ ದುಡ್ಡು ಪಡೆಯುವುದು ನನಗೆ ಸರಿ ಕಾಣುವುದಿಲ್ಲ.

ಅಳತೆಯನ್ನು ತೆಳು ಬಟ್ಟೆಯ ಮೇಲೆ, ನಿಲ್ಲಿಸಿ, ಟೇಪಿನಿಂದಲೇ ತೆಗೆಯುತ್ತೇನೆ. ಹೊಕ್ಕುಳಿನ ಸುತ್ತಳತೆ ಒಂದು, ಪಿರ್ರೆಯ ಸುತ್ತಳತೆ ಇನ್ನೊಂದು; ಇವೆರಡರ ನಡುವೆ ಬಹಳ ಅಂತರವಿದ್ದರೆ ನೇರ ಪಟ್ಟಿಯಂಥ ಬೆಲ್ಟ್ ಮೇಲಕ್ಕೆ ಜಾರುತ್ತದೆ, ಆಕಾರ ಕೊಟ್ಟು ಹೊಲಿದದ್ದು ಬೇಕಾಗುತ್ತದೆ. ಎರಡೂ ಬದಿಯ ಟೊಂಕದ ಮೂಳೆಯ ನೆತ್ತಿಗೆ ಕೈಯಿಟ್ಟು ಬೆನ್ನಿನ ಮೇಲೆ ಅಡ್ಡಗೆರೆ ಎಳೆದರೆ ಅದು ಹೆಚ್ಚುಕಡಿಮೆ ಸೊಂಟದ ನಾಲ್ಕನೆಯ ಕಶೇರುಕದ, ಅಂದರೆ ಬೆನ್ನುಮೂಳೆಯ ಮಣಿಯ, ಮಟ್ಟಕ್ಕೆ ಬರುತ್ತದೆ. ಬೆಲ್ಟಿನ ನಡುಭಾಗ ಆ ಗೆರೆಯ ಮೇಲೆ ಕೂರಬೇಕು, ಹಿಂಬದಿಯ ಕೆಳ ಅಂಚು ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕೋನದ ಮೂಳೆಯಾದ ತ್ರಿಕಾಸ್ಥಿಯ ಮೇಲ್ಭಾಗವನ್ನು ಮುಚ್ಚಬೇಕು. ಜನ ಇದನ್ನು ಪಕ್ಕೆಲುಬಿನ ಹತ್ತಿರ ಕಟ್ಟಿಕೊಂಡಿರುತ್ತಾರೆ, ನೋವು ಮಾತ್ರ ಒಂದು ಗೇಣು ಕೆಳಗಿರುತ್ತದೆ.

ಹಿಂಬದಿಯ ಜೇಬುಗಳಲ್ಲಿರುವ ಉಕ್ಕಿನ ಪಟ್ಟಿಗಳನ್ನು ಅನೇಕರು ಮುಟ್ಟುವುದೇ ಇಲ್ಲ, ಹೊಂದಿಸುವ ಕೆಲಸದ ಮುಕ್ಕಾಲು ಪಾಲು ಇರುವುದು ಅಲ್ಲಿಯೇ. ನಾನು ಅವುಗಳನ್ನು ಹೊರತೆಗೆದು, ವ್ಯಕ್ತಿಯನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿ, ಬೆನ್ನಿನ ಒಳಬಾಗಿಗೆ ಸರಿಯಾಗಿ ಸ್ವಲ್ಪಸ್ವಲ್ಪವೇ ಬಗ್ಗಿಸುತ್ತೇನೆ. ಪಟ್ಟಿ ಉದ್ದಕ್ಕೂ ಬೆನ್ನನ್ನು ಸಮನಾಗಿ ತಾಗಬೇಕು. ಎರಡು ತುದಿ ಮಾತ್ರ ತಾಗಿ ನಡುವೆ ಕೈ ತೂರುವಂತಿದ್ದರೆ ಬಾಗು ಸಾಲದು. ಇಲ್ಲಿ ಉಡುಪಿನ ತೊಡಕೂ ಇದೆ. ಗಂಡಸರ ಉಡಿದಾರ, ಅದಕ್ಕೆ ಕಟ್ಟಿದ ತಾಯಿತ ಅಥವಾ ಕೀಲಿ, ಧೋತರದ ಹಿಂಗಚ್ಚೆ, ಹೆಂಗಸರ ಲಂಗದ ಲಾಡಿಯ ಗಂಟು, ಇವೆಲ್ಲ ಬೆಲ್ಟಿನ ಅಡಿಯಲ್ಲಿ ಸಿಕ್ಕು ಚರ್ಮವನ್ನು ಒತ್ತುತ್ತವೆ. ಉಡಿದಾರ ತೆಗೆಯಿರಿ ಎಂದು ನಾನು ಹೇಳುವುದಿಲ್ಲ, ಕೆಳಕ್ಕೆ ಸರಿಸಿದರೆ ಸಾಕು. ಸೀರೆ ಉಡುವವರಿಗೆ ಬೆಲ್ಟನ್ನು ತೆಳುವಾದ ಹತ್ತಿ ಬನಿಯನ್ನಿನ ಮೇಲೆ, ಲಂಗದ ಒಳಗೆ ಬರುವಂತೆ ಕಟ್ಟಿ, ಲಾಡಿಯ ಗಂಟನ್ನು ಪಕ್ಕಕ್ಕೆ ಹಾಕಲು ತಿಳಿಸುತ್ತೇನೆ.

ಮೊದಲ ಸಲ ಅಂಗಾತ ಮಲಗಿಸಿಯೇ ಕಟ್ಟುವುದು ನನ್ನ ರೂಢಿ, ಏಕೆಂದರೆ ಆಗ ಹೊಟ್ಟೆ ಒಳಕ್ಕೆ ಇಳಿದಿರುತ್ತದೆ. ಬಿಗಿಯುವುದು ಕೆಳಗಿನಿಂದ ಮೇಲಕ್ಕೆ. ವೆಲ್ಕ್ರೋ ತನ್ನ ಪೂರ್ತಿ ಅಗಲಕ್ಕೆ ಅಂಟದಿದ್ದರೆ ಅಳತೆ ಚಿಕ್ಕದು. ಪಕ್ಕದವರೆಗೂ ಹಾಸಿಕೊಂಡು, ಮೇಲಿನ ಎಳೆಪಟ್ಟಿಗೆ ಬಿಗಿಯಲು ಜಾಗವೇ ಉಳಿಯದಿದ್ದರೆ ದೊಡ್ಡದು. ಅನಂತರ ಎಬ್ಬಿಸಿ ಕುರ್ಚಿಯಲ್ಲಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿಸಿ, ಕೊನೆಗೆ ಕುಕ್ಕರಗಾಲಿನಲ್ಲಿ ಕೂರಿಸುತ್ತೇನೆ. ಮುಂಬದಿಯ ಕೆಳ ಅಂಚು ತೊಡೆಸಂದಿಗೆ ಚುಚ್ಚುತ್ತದೆಯೇ, ಮೇಲಂಚು ಪಕ್ಕೆಲುಬಿಗೆ ಒತ್ತುತ್ತದೆಯೇ ಎಂಬುದು ಗೊತ್ತಾಗುವುದು ಈಗಲೇ. “ಕುಂತ್ರ ಉಸರು ಹಿಡಿದಂಗ ಆಗತೈತ್ರಿ” ಎಂದರೆ ಒಂದೋ ಬೆಲ್ಟ್ ಎತ್ತರ ಹೆಚ್ಚಿನದು, ಇಲ್ಲವೇ ಬಿಗಿ ಹೆಚ್ಚಾಗಿದೆ. ಕಟ್ಟಿಕೊಂಡೇ ನಡೆದಾಡಿಸಿ, ಬಗ್ಗಿಸಿ, ನೋವು ಎಷ್ಟು ಇಳಿಯಿತೆಂದು ಕೇಳುತ್ತೇನೆ. ಹತ್ತರ ಮಾಪಕ ಹಿರಿಯರಿಗೆ ಒಗ್ಗುವುದಿಲ್ಲ. ರೂಪಾಯಿಗೆ ಎಷ್ಟಾಣೆ ಕಡಿಮೆಯಾಯಿತು ಎಂದರೆ ತಡವಿಲ್ಲದೆ ಉತ್ತರ ಬರುತ್ತದೆ. ನಾಲ್ಕಾಣೆಯೂ ಇಳಿಯದಿದ್ದರೆ ಆ ಬೆಲ್ಟನ್ನು ನಾನು ಕೊಡುವುದಿಲ್ಲ.

ಬಿಚ್ಚಿದ ಮೇಲೆ ಚರ್ಮ ನೋಡುವುದು ಕೊನೆಯ ಪರೀಕ್ಷೆ. ಕೆಂಪು ಗುರುತು ಅರ್ಧ ಗಂಟೆಯೊಳಗೆ ಮಾಯವಾಗಬೇಕು, ಉಳಿದರೆ ಆ ಜಾಗದ ಪಟ್ಟಿಯನ್ನು ಮತ್ತೆ ಬಗ್ಗಿಸಬೇಕು. ಸಕ್ಕರೆ ಕಾಯಿಲೆಯವರಲ್ಲಿ ಇದನ್ನು ಇನ್ನಷ್ಟು ಜಾಗ್ರತೆಯಿಂದ ನೋಡುತ್ತೇನೆ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ದಪ್ಪ ರಬ್ಬರಿನ ಬೆಲ್ಟ್ ಬೆವರುಸಾಲೆಯನ್ನಷ್ಟೇ ತರುತ್ತದೆ, ಜಾಲರಿ ಬಟ್ಟೆಯದೇ ಮೇಲು.

ಇಷ್ಟೆಲ್ಲ ಮಾಡಿಯೂ ಬೆಲ್ಟಿನ ಬಗ್ಗೆ ನನ್ನ ನಂಬಿಕೆ ಸೀಮಿತವಾದದ್ದು. ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ಸೊಂಟನೋವಿನ ಚಿಕಿತ್ಸೆಯಾಗಿ ಬೆಲ್ಟ್ ಕೊಡಬಾರದೆಂದೇ ಹೇಳುತ್ತವೆ. ಎರಡನೆಯದು ದೀರ್ಘಕಾಲದ ನೋವನ್ನು ಕುರಿತದ್ದು. ಹಾಗಾಗಿ ನಾನು ಕಟ್ಟುವುದು ಎರಡು ಸಂದರ್ಭಗಳಲ್ಲಿ: ಮೂಳೆ ಕುಸಿತ ಅಥವಾ ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಬರೆದುಕೊಟ್ಟಾಗ, ಮತ್ತು ಹಠಾತ್ತನೆ ನಡ ಹಿಡಿದು ನಡೆದಾಡಲೂ ಆಗದವರಿಗೆ ಎದ್ದು ಓಡಾಡುವ ಧೈರ್ಯ ಬರುವಷ್ಟು ದಿನ. ಮಾರುಕಟ್ಟೆ ಪ್ರಾಂಗಣದ ಹಮಾಲರ ಮೇಸ್ತ್ರಿಯೊಬ್ಬರು ಇಡೀ ತಂಡಕ್ಕೆ ಬೆಲ್ಟ್ ಕೇಳಿದಾಗ ನಾನು ಒಪ್ಪಲಿಲ್ಲ. ನೋವಿಲ್ಲದ ಕಾರ್ಮಿಕರಿಗೆ ಬೆಲ್ಟ್ ರಕ್ಷಣೆಯೆಂದು ಹೇಳಲು ಆಧಾರವಿಲ್ಲವೆಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ 1994ರಲ್ಲೇ ಹೇಳಿತ್ತು. ಅದೇ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಲು ಶಿಫಾರಸು ಮಾಡುವ ಭಾರದ ಮಿತಿ 23 ಕೆಜಿ. ನಮ್ಮಲ್ಲಿ ಭತ್ತದ ಚೀಲ 75 ಕೆಜಿ. ಈ ಅಂತರವನ್ನು ಯಾವ ಬೆಲ್ಟೂ ತುಂಬುವುದಿಲ್ಲ. ಕಟ್ಟಿಕೊಂಡವನು ತನಗೆ ಬಲ ಬಂತೆಂದು ಇನ್ನಷ್ಟು ಹೊರಲು ಹೋಗುವ ಅಪಾಯ ಬೇರೆ.

ಕೊಡುವ ದಿನವೇ ಬಿಡುವ ದಿನವನ್ನೂ ಚೀಟಿಯಲ್ಲಿ ಬರೆದುಕೊಡುತ್ತೇನೆ. ಮೂಳೆ ಕುಸಿದವರಿಗೂ ಶಸ್ತ್ರಚಿಕಿತ್ಸೆಯಾದವರಿಗೂ ಆ ದಿನವನ್ನು ವೈದ್ಯರೇ ಹೇಳಬೇಕು. ಉಳಿದವರು ಮಲಗುವಾಗ ಕಟ್ಟಬಾರದು, ಮೊದಲು ಮನೆಯೊಳಗೆ ಬಿಡಬೇಕು, ಆಮೇಲೆ ದಾರಿಯಲ್ಲಿ, ಕಡೆಗೆ ಹೊಲದಲ್ಲಿ. ಬೆಲ್ಟಿನಿಂದ ಸ್ನಾಯು ಸೊರಗುತ್ತದೆಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆ, ಬೆಲ್ಟಿಲ್ಲದೆ ಬಗ್ಗಲಾರೆ ಎಂಬ ಅಂಜಿಕೆ ಗಟ್ಟಿಯಾಗುವುದರದು. ಅದಕ್ಕಾಗಿ ಮರಳಿ ತೋರಿಸಲು ಬಂದ ದಿನ ಬೆಲ್ಟ್ ಬಿಚ್ಚಿಸಿ, ಮೊದಲ ದಿನ ಕಟ್ಟಿಕೊಂಡು ಮಾಡಿದ ಎಲ್ಲ ಚಲನೆಗಳನ್ನೂ ಅದಿಲ್ಲದೆ ಮಾಡಿಸುತ್ತೇನೆ. ಕುಕ್ಕರಗಾಲಿನಿಂದ ಕೈಯೂರದೆ ಎದ್ದರೆ ಚೀಟಿಯ ದಿನಕ್ಕಿಂತ ಮೊದಲೇ ಬಿಡಿಸುತ್ತೇನೆ, ಏಳದಿದ್ದರೆ ಬೆಲ್ಟಿನ ಅವಧಿ ಹೆಚ್ಚಿಸದೆ ವ್ಯಾಯಾಮಕ್ಕಾಗಿ ಫಿಸಿಯೋಥೆರಪಿಯವರ ಬಳಿ ಕಳಿಸುತ್ತೇನೆ.