ಬಿಸಿನೆಸ್ ಕ್ಲಾಸ್ ಪ್ರಯಾಣ: ಮೊದಲು ನಿದ್ದೆ, ಆಮೇಲೆ ಉಳಿದದ್ದು

ಇಕಾನಮಿಗಿಂತ ಹಲವು ಪಟ್ಟು ಹಣ ತೆತ್ತು ಬಿಸಿನೆಸ್ ಕ್ಲಾಸ್ ಹತ್ತಿದವರು ರಾತ್ರಿಯಿಡೀ ಸಿನಿಮಾ ನೋಡಿ, ಕೊಟ್ಟದ್ದನ್ನೆಲ್ಲ ತಿಂದು, ಕೆಂಗಣ್ಣು ಬಿಟ್ಟುಕೊಂಡು ಇಳಿಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಹತ್ತು ಗಂಟೆ ಮೀರಿದ ಹಾರಾಟದಲ್ಲಿ ಕಾಲು ಚಾಚಿ ಮಲಗುವುದಕ್ಕಿಂತ ದೊಡ್ಡ ಸುಖವಿಲ್ಲ. ತಯಾರಿಯೆಲ್ಲ ಅದರ ಸುತ್ತಲೇ ಇರಲಿ.

ಟಿಕೆಟ್‌ಗೆ ಹಣ ಕಟ್ಟುವ ಮೊದಲು ಆಸನ ಎಂಥದ್ದೆಂದು ನೋಡಿ. ಪೂರ್ತಿ ಸಮತಟ್ಟಾಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ಈ ದರ್ಜೆಗೆ ತಂದದ್ದು 2000ದಲ್ಲಿ. ಕತಾರ್ ಏರ್‌ವೇಸ್ 2017ರಲ್ಲಿ ಅದಕ್ಕೊಂದು ಬಾಗಿಲನ್ನೂ ಕೂಡಿಸಿತು. ಆದರೆ ಕೆಲವು ಹಳೆಯ ವಿಮಾನಗಳಲ್ಲಿ ಇಳಿಜಾರಾಗಿ ಬಾಗುವ ಆಸನಗಳೇ ಇವೆ. ಅವುಗಳಲ್ಲಿ ಮಲಗಿದವರು ನಿದ್ದೆಯಲ್ಲೂ ಕೆಳಕ್ಕೆ ಜಾರುತ್ತಿರುತ್ತಾರೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ವಿಮಾನಗಳಲ್ಲಿ ಬೇರೆ ಬೇರೆ ಆಸನಗಳಿರುವುದೂ ಉಂಟು. ಹಾಗಾಗಿ ಬುಕಿಂಗ್ ಪುಟದಲ್ಲಿ ಆಸನಗಳ ನಕ್ಷೆ ತೆರೆಯಿರಿ. ಸಾಲು 1-2-1 ಎಂದಿದ್ದರೆ, ಅಂದರೆ ಎರಡೂ ಕಿಟಕಿಗಳ ಬದಿಗೆ ಒಂದೊಂದು, ನಡುವೆ ಎರಡು ಆಸನವಿದ್ದರೆ, ಯಾರನ್ನೂ ದಾಟದೆ ಓಡಾಡಬಹುದು. 2-2-2 ಇದ್ದರೆ, ಪಕ್ಕದವರು ಕಾಲು ಚಾಚಿ ಮಲಗಿರುವಾಗ ಕಿಟಕಿಯ ಬದಿಯವರು ಅವರನ್ನು ದಾಟಿಯೇ ಶೌಚಾಲಯಕ್ಕೆ ಹೋಗಬೇಕಾದೀತು.

ಆಸನ ಆರಿಸುವಾಗ ಅಡುಗೆಕಟ್ಟೆ, ಶೌಚಾಲಯಗಳಿಂದ ದೂರವಿರಿ. ಪರದೆ ಎಳೆದರೂ ಅಲ್ಲಿಯ ಬೆಳಕು, ಪಾತ್ರೆಯ ಸದ್ದು ನಿಲ್ಲುವುದಿಲ್ಲ. ಎಷ್ಟೋ ವಿಮಾನಗಳಲ್ಲಿ ಮೊದಲ ಸಾಲಿನಲ್ಲಿ ಕಾಲಿಡಲು ಜಾಗ ಹೆಚ್ಚು. ಆದರೆ ಕೂಸಿನ ತೊಟ್ಟಿಲು ಕಟ್ಟುವುದೂ ಸಾಮಾನ್ಯವಾಗಿ ಅಲ್ಲಿಯೇ.

ರಾತ್ರಿಯ ವಿಮಾನವಾದರೆ ನಿಲ್ದಾಣದಲ್ಲಿ ಈ ದರ್ಜೆಯವರಿಗಿರುವ ವಿಶ್ರಾಂತಿ ಕೋಣೆಯಾದ ಲೌಂಜ್‌ನಲ್ಲೇ ಊಟ ಮುಗಿಸಿ. ಹಾರುವಾಗ ಒಣಗಾಳಿಗೂ ಎಂಜಿನ್ ಸದ್ದಿಗೂ ನಾಲಿಗೆಯ ರುಚಿ ಮಂಕಾಗುತ್ತದೆ, ಉಪ್ಪು ಸಿಹಿ ಅಷ್ಟಾಗಿ ಹತ್ತುವುದಿಲ್ಲ. ಹತ್ತಿದೊಡನೆ ಸಿಬ್ಬಂದಿಗೆ ಎರಡು ಮಾತು ಹೇಳಿ: ಊಟ ಬೇಡ, ಇಳಿಯುವ ಮೊದಲು ಇಷ್ಟು ಹೊತ್ತಿಗೆ ಎಬ್ಬಿಸಿ. ಸಂಕೋಚ ಬೇಡ, ಇಂಥ ಕೋರಿಕೆ ಅವರಿಗೆ ಹೊಸದಲ್ಲ. ಆಸನದ ಮೇಲೆ ಹಾಸುವ ಮೆತ್ತೆ ಇದೆಯೇ ಎಂದೂ ಕೇಳಿ; ಕೆಲವು ಕಂಪನಿಗಳು ಕೇಳಿದವರಿಗಷ್ಟೇ ಕೊಡುತ್ತವೆ.

ಸೀಟ್ ಬೆಲ್ಟನ್ನು ಹೊದಿಕೆಯ ಮೇಲೆ ಕಾಣುವಂತೆ ಕಟ್ಟಿಕೊಳ್ಳಿ. ವಿಮಾನ ಕುಲುಕಿದಾಗ ಅದನ್ನು ನೋಡಲೆಂದು ನಿಮ್ಮನ್ನು ಎಬ್ಬಿಸುವ ಪ್ರಮೇಯ ಬರುವುದಿಲ್ಲ. ಕ್ಯಾಬಿನ್ನಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು, ತೇವಾಂಶವೋ ಹೆಚ್ಚಾಗಿ ಶೇಕಡ 20ಕ್ಕಿಂತ ಕಡಿಮೆ. ನೀರಿನ ಬಾಟಲಿ ಕೈಗೆಟುಕುವಲ್ಲಿರಲಿ. ಮದ್ಯ ನಿದ್ದೆಯನ್ನು ಬೇಗ ತರಬಹುದು, ಅಷ್ಟೇ ಬೇಗ ಕೆಡಿಸುತ್ತದೆ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಲಗಿರುವಾಗ ಮೊಬೈಲ್ ಆಸನದ ಸಂದಿಗೆ ಜಾರಿದರೆ ಆಸನವನ್ನು ಕದಲಿಸಲೇಬೇಡಿ. ಯಂತ್ರದ ನಡುವೆ ಸಿಕ್ಕಿ ಜಜ್ಜಿದ ಲಿಥಿಯಂ ಬ್ಯಾಟರಿ ಹೊತ್ತಿಕೊಳ್ಳಬಹುದು. ಗುಂಡಿ ಒತ್ತಿ ಸಿಬ್ಬಂದಿಯನ್ನು ಕರೆಯಿರಿ, ತೆಗೆದುಕೊಡುವ ಬಗೆ ಅವರಿಗೆ ಗೊತ್ತು.

ಇಳಿಯುವುದಕ್ಕೆ ಒಂದೂವರೆ ಗಂಟೆ ಮೊದಲೇ ಏಳುವುದು ಒಳ್ಳೆಯದು. ಮುಖ ತೊಳೆಯುವವರ ಸಾಲು ಆಗಿನ್ನೂ ಬೆಳೆದಿರುವುದಿಲ್ಲ, ಉಪಾಹಾರವನ್ನೂ ನಿಧಾನವಾಗಿ ಮಾಡಬಹುದು.