ಕರೆಂಟ್ ಬಿಲ್ಲಿನ ನಿಗದಿತ ಶುಲ್ಕ ಇಳಿಸುವುದು ಹೇಗೆ

ಲೈಟು, ಫ್ಯಾನು ಎಷ್ಟು ಆರಿಸಿದರೂ ಬಿಲ್ ಇಳಿಯುತ್ತಿಲ್ಲವೆಂದರೆ ಯೂನಿಟ್ ಬಿಟ್ಟು ಮೊದಲು ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆಗೆ ಒಪ್ಪಿಗೆಯಾದ ವಿದ್ಯುತ್ ಮಿತಿ, ಎಷ್ಟು ಕಿಲೋವ್ಯಾಟ್ ಇದೆ ನೋಡಿ. ನಿಗದಿತ ಶುಲ್ಕ ಬೀಳುವುದು ಅದರ ಮೇಲೆ. ಗೃಹಬಳಕೆಗೆ ಪ್ರತಿ ಕಿಲೋವ್ಯಾಟ್‌ಗೆ 120 ರೂಪಾಯಿ ಇದ್ದದ್ದು 2025ರ ಏಪ್ರಿಲ್‌ನಿಂದ 145 ಆಯಿತು. 2026-27ಕ್ಕೆ 150, 2027-28ಕ್ಕೆ 160 ಎಂದು ರಾಜ್ಯದ ವಿದ್ಯುತ್ ದರ ನಿಗದಿಪಡಿಸುವ ಆಯೋಗವಾದ ಕೆಇಆರ್‌ಸಿ 2025ರ ಆದೇಶದಲ್ಲೇ ಗೊತ್ತುಮಾಡಿದೆ. 5 ಕಿಲೋವ್ಯಾಟ್ ಮನೆಗೆ ಬೀಗ ಹಾಕಿ ತಿಂಗಳಿಡೀ ಊರಲ್ಲಿದ್ದರೂ 145ರ ಲೆಕ್ಕದಲ್ಲಿ 725 ರೂಪಾಯಿ ಬರುತ್ತದೆ. 2025ರಲ್ಲಿ ಯೂನಿಟ್ ದರ 5.90ರಿಂದ 5.80ಕ್ಕೆ ಇಳಿದದ್ದು ನಿಜ, ಆದರೆ ಜೊತೆಗೇ ವಿದ್ಯುತ್ ಸಂಸ್ಥೆಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗೆಂದು ಯೂನಿಟ್‌ಗೆ 36 ಪೈಸೆ ಸೇರಿತು.

ಹಿಂದಿನ 12 ತಿಂಗಳ ಬಿಲ್ ಮುಂದಿಟ್ಟುಕೊಳ್ಳಿ. ಪ್ರತಿಯೊಂದರಲ್ಲೂ ‘ರೆಕಾರ್ಡೆಡ್ ಎಂಡಿ’ ಎಂಬ ಅಂಕಿ ಇರುತ್ತದೆ. ಆ ತಿಂಗಳು ನಿಮ್ಮ ಮನೆ ಒಮ್ಮೆಗೇ ಎಳೆದ ಗರಿಷ್ಠ ವಿದ್ಯುತ್ ಅದು, ಕಿಲೋವ್ಯಾಟ್‌ನಲ್ಲಿ. ಏಪ್ರಿಲ್-ಮೇ ಎಸಿ ಕಾಲವನ್ನೂ ಡಿಸೆಂಬರ್ ಚಳಿಯನ್ನೂ ಬಿಡದೆ ನೋಡಿ, ಅತಿ ದೊಡ್ಡದನ್ನು ಹಿಡಿಯಿರಿ. ಲೋಡ್ 5 ಇದ್ದು ಗರಿಷ್ಠ 2.4 ದಾಟಿಲ್ಲವೆಂದರೆ 3ಕ್ಕೆ ಇಳಿಸಬಹುದು. ಅಲ್ಲಿಗೆ 145ರ ಲೆಕ್ಕದಲ್ಲಿ ತಿಂಗಳಿಗೆ 290 ರೂಪಾಯಿ ಉಳಿತಾಯ.

ತೀರಾ ಬಿಗಿಯಾಗಿ ಇಳಿಸಬೇಡಿ. ಎಂಡಿ ಮಂಜೂರಾದ ಲೋಡ್ ಮೀರಿದರೆ ಹೆಚ್ಚುವರಿಗೆ ದಂಡ ಬೀಳಬಹುದು, ಮತ್ತೆ ಏರಿಸಲು ಡಿಪಾಜಿಟ್ ಕಟ್ಟಬೇಕು. ಅಂಕಿ ಏರುವುದು ಹೆಚ್ಚಾಗಿ ಬೆಳಗ್ಗೆ: 2 ಕಿಲೋವ್ಯಾಟ್ ಗೀಸರ್, 1.8ರ ಇಂಡಕ್ಷನ್ ಒಲೆ, 1 ಕಿಲೋವ್ಯಾಟ್ ಇಸ್ತ್ರಿ ಪೆಟ್ಟಿಗೆ ಒಟ್ಟಿಗೆ ನಡೆದರೆ 4.8. ಸ್ನಾನ ಮುಗಿದು ಗೀಸರ್ ಆರಿದ ಮೇಲೆ ಒಲೆ ಹಚ್ಚಿದರೆ ಅದೇ ಕೆಲಸ 3ರೊಳಗೆ ಮುಗಿಯುತ್ತದೆ. ಮನೆಯಲ್ಲಿ ಎಲೆಕ್ಟ್ರಿಕ್ ಕಾರು ಚಾರ್ಜ್ ಮಾಡುವ ಯೋಚನೆಯಿದ್ದರೆ ಲೋಡ್ ಮುಟ್ಟಬೇಡಿ.

ಅರ್ಜಿ ಕೊಡಬೇಕಾದ್ದು ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಗೆ. ಆರ್‌ಆರ್ ನಂಬರ್ (ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ), ಇತ್ತೀಚಿನ ಬಿಲ್, ಗುರುತಿನ ಚೀಟಿ ಒಯ್ಯಿರಿ, ಬಾಕಿ ಇಟ್ಟುಕೊಳ್ಳಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರ್ಯಾಕ್ಟರ್ ವರದಿ ಕೇಳಿದರೆ ಅದೂ ಬೇಕಾಗುತ್ತದೆ. ಸಂಪರ್ಕ ಯಾರ ಹೆಸರಲ್ಲಿದೆಯೋ ಅವರೇ ಸಹಿ ಹಾಕಬೇಕು, ಹಾಗಾಗಿ ಬಾಡಿಗೆಗಿದ್ದವರು ಓನರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಅರ್ಜಿಯ ಸ್ವೀಕೃತಿ ಪಡೆಯದೆ ಬರಬೇಡಿ.

ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವವರಿಗೆ ಇದರಿಂದ ಸದ್ಯಕ್ಕೆ ಲಾಭವಿಲ್ಲ. ಆದರೆ ಒಂದೇ ತಿಂಗಳು 200 ಯೂನಿಟ್ ದಾಟಿದರೂ ಆ ತಿಂಗಳ ಪೂರ್ತಿ ಬಿಲ್ ನಿಮ್ಮದೇ, ನಿಗದಿತ ಶುಲ್ಕವೂ ಸೇರಿ.

ಮಂಜೂರಾತಿ ಆದ ಮೇಲೆ ಮುಂದಿನ ಬಿಲ್ಲಿನಲ್ಲಿ ಲೋಡ್ ಬದಲಾಗಿದೆಯೇ ನೋಡಿ. ಹಳೆಯದೇ ಇದ್ದರೆ ಸ್ವೀಕೃತಿಯ ನಂಬರ್ ಹೇಳಿ 1912ಕ್ಕೆ ದೂರು ಕೊಡಿ.